ಉದ್ದೇಶ ಒಳ್ಳೇದಿತ್ತು, ಆದರೆ ನೀರು ಬಂತಾ? ಪಂಚಾಯಿತಿಗೆ ನಿಲ್ಲುವವರಿಗೆ ಒಂದು ಬಹಿರಂಗ ಪತ್ರ

ಚಿತ್ರದುರ್ಗ ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕು ಅಂತ ಮನಸ್ಸು ಮಾಡಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ,

ನಮಸ್ಕಾರ.

ನಾನು ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರ. 2015ರಿಂದ 2020ರವರೆಗೆ, ಒಂದು ಅವಧಿ, ನಮ್ಮೂರ ಪಂಚಾಯಿತಿಯಲ್ಲಿ ಮೆಂಬರ್ ಆಗಿದ್ದೆ. ಆಮೇಲೆ ನಿಲ್ಲಲಿಲ್ಲ. ಇನ್ನು ನಿಲ್ಲುವುದೂ ಇಲ್ಲ. ನಿಮ್ಮ ಜೊತೆ ಮಾತಾಡಬೇಕು ಅಂತ ತುಂಬಾ ದಿನದಿಂದ ಅನಿಸುತ್ತಿತ್ತು.

ದುಡ್ಡು ಮಾಡಲಿಕ್ಕೆ ಅಂತಲೇ ಬರುವವರ ಜೊತೆ ನನಗೆ ಮಾತಿಲ್ಲ. ಊರಿಗೆ ಏನಾದರೂ ಒಳ್ಳೇದು ಮಾಡಬೇಕು ಅಂತ ನಿಜವಾಗಿ ಅಂದುಕೊಂಡು ಬರುವವರ ಜೊತೆಗೇ ನನ್ನ ಮಾತು. ಯಾಕಂದ್ರೆ ನಾನೂ ಹಾಗೇ ಬಂದವನು. ನನ್ನಿಂದ ಊರಿಗೆ ಆದ ಅತಿ ದೊಡ್ಡ ತೊಂದರೆಯೂ ಆ ಒಳ್ಳೆ ಮನಸ್ಸಿನಿಂದಲೇ ಆಯಿತು. ಅದನ್ನು ನಿಮ್ಮ ಮುಂದೆ ಬಿಚ್ಚಿ ಹೇಳಬೇಕು.

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಕೂರುತ್ತದೆ. ವಯಸ್ಸಾಗ್ತಾ ಮೊಣಕಾಲು, ಬೆನ್ನು ಬಿಗಿಯುತ್ತವೆ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನಮ್ಮವ್ವ ಕೊನೆಯ ಹತ್ತು ವರ್ಷ ನೆಲದ ಮೇಲೆ ಕೂತರೆ ಒಬ್ಬಳೇ ಏಳಲಿಕ್ಕೆ ಆಗುತ್ತಿರಲಿಲ್ಲ. ನೀರೇ ಕಾರಣ ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಆದರೆ ಅವಳ ವಾರಿಗೆಯವರಲ್ಲಿ ಎಷ್ಟೋ ಜನ ಹಾಗೇ ಬಗ್ಗಿ ನಡೆಯುತ್ತಿದ್ದರು.

ಅದಕ್ಕೇ ಗೆದ್ದ ದಿನವೇ ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ತರಲೇಬೇಕು. ಎರಡು ವರ್ಷ ಓಡಾಡಿದೆ. ಬಸ್ ಚಾರ್ಜು, ಊಟ, ಜೆರಾಕ್ಸು ಎಲ್ಲಾ ನನ್ನ ಜೇಬಿನದೇ. 2017ರಲ್ಲಿ ಘಟಕ ಬಂತು. ಗುಡಿ ಮುಂದೆ, ಬಸ್ ನಿಲ್ಲುವ ಜಾಗದಲ್ಲಿ ಕಟ್ಟಿಸಿದೆ. ಕಾಯಿನ್ ಹಾಕಿದ್ರೆ 20 ಲೀಟರ್ ನೀರು. ಉದ್ಘಾಟನೆ ದಿನ ಮೊದಲ ಕ್ಯಾನು ತುಂಬುವಾಗ ನಮ್ಮವ್ವ ನೆನಪಾಗಿ ಕಣ್ಣಲ್ಲಿ ನೀರು ಬಂತು. ಆವತ್ತಿನ ಫೋಟೋ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗು ಹಾಕಿದೆ.

ಮುಂದಿನ ಬೇಸಿಗೆಗೆ ಘಟಕ ನಿಂತಿತು. ಒಳಗೆ ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡಿದೆ, ಬದಲಾಯಿಸಬೇಕು ಅಂದರು. ನಿರ್ವಹಣೆ ವಹಿಸಿಕೊಂಡವರಿಗೆ ಫೋನ್ ಮಾಡಿದೆ. ಬರ್ತೀವಿ ಅಂದರು. ನಾನು ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಆ ಸಲದ ವಾರ್ಡ್ ಸಭೆಯಲ್ಲಿ ದಲಿತರ ಕಾಲೋನಿಯ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ನನ್ನ ತಂಗಿಯ ವಯಸ್ಸಿನವಳು. ಅವಳು ಹೇಳಿದ್ದು ಇಷ್ಟೇ: "ಅಣ್ಣಾ, ಬೋರು ನಮ್ಮ ಕಾಲೋನಿದು. ಅದರ ನೀರು ಗುಡಿ ಮುಂದಿನ ಮಿಷನ್ನಿಗೆ ಹೋತು. ಈಗ ಮಿಷನ್ನೂ ನಿಂತೈತೆ, ನಮ್ಮ ತೊಂಬೆಗೂ ನೀರಿಲ್ಲ. ನಾವು ಎಲ್ಲಿಗೆ ಹೋಗಾನ?"

ಅವಳ ಮಾತು ನಿಜ. ಘಟಕಕ್ಕೆ ಚೆನ್ನಾಗಿ ನೀರು ಕೊಡುವ ಬೋರು ಬೇಕಿತ್ತು. ಊರಿನಲ್ಲಿ ಅಂಥದ್ದು ಇದ್ದದ್ದು ಕಾಲೋನಿ ಪಕ್ಕದ್ದು ಒಂದೇ. ಅದರ ಪೈಪನ್ನು ಘಟಕಕ್ಕೆ ತಿರುಗಿಸಿದೆವು. ಇಂಥ ಮಿಷನ್ನಿನಲ್ಲಿ ಒಂದು ಕೊಡ ಒಳ್ಳೆ ನೀರು ಬಂದರೆ ಹೆಚ್ಚೂಕಡಿಮೆ ಇನ್ನೊಂದು ಕೊಡ ಉಪ್ಪು ನೀರಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಅದಕ್ಕೆ ನೀರು ಜಾಸ್ತಿ ಬೇಕು. ಕಾಲೋನಿಯವರೂ ಘಟಕದಿಂದಲೇ ತಗೊಳ್ಳಲಿ, ಎಲ್ಲರಿಗೂ ಒಂದೇ ನೀರು, ಇನ್ನೂ ಒಳ್ಳೇದೇ ಅಲ್ವಾ ಅಂತ ಸಭೆಯಲ್ಲಿ ವಾದ ಮಾಡಿದವನೂ ನಾನೇ. ಗುಡಿ ಮುಂದೆ ಕ್ಯೂನಲ್ಲಿ ನಿಲ್ಲಲಿಕ್ಕೆ ಆ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಈ ಊರಿನಲ್ಲೇ ಹುಟ್ಟಿ ಬೆಳೆದವನು ನಾನು. ಗೊತ್ತಿತ್ತು. ಆದರೆ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಬಸ್ಸಿಳಿದವರ ಕಣ್ಣಿಗೆ ಮೊದಲು ಘಟಕ ಕಾಣಬೇಕು ಅನ್ನುವುದೇ ತಲೆಯಲ್ಲಿ ಇತ್ತು.

ಈಗ ಆ ಸಭೆಯಲ್ಲಿ ನಾನು ಕೊಟ್ಟ ಉತ್ತರ ಕೇಳಿ. "ಎರಡು ವರ್ಷ ಚಪ್ಪಲಿ ಸವೆಸಿದ್ದೀನಿ. ಕೈಯಿಂದ ಖರ್ಚು ಮಾಡಿದ್ದೀನಿ. ಒಂದು ರೂಪಾಯಿ ತಿಂದಿಲ್ಲ. ನನ್ನಂಥವನನ್ನೇ ಹೀಗೆ ಕೇಳಿದ್ರೆ ಇನ್ನು ಯಾರು ಕೆಲಸ ಮಾಡ್ತಾರೆ?" ಸಭೆಯಲ್ಲಿದ್ದ ಹಿರಿಯರು ತಲೆ ಆಡಿಸಿದರು. ಅವಳು ಸುಮ್ಮನೆ ಕೂತಳು. ನಾನು ಮನೆಗೆ ಬರುವಾಗ ದಾರಿಯುದ್ದಕ್ಕೂ "ಊರಿಗೆ ಉಪಕಾರ ಮಾಡಬಾರದು" ಅಂತ ಗೊಣಗಿಕೊಂಡು ಬಂದೆ.

ಅವಳು ನೀರಿನ ಬಗ್ಗೆ ಕೇಳಿದಳು. ನಾನು ನನ್ನ ಬಗ್ಗೆ ಉತ್ತರ ಕೊಟ್ಟೆ. ಇದು ನನಗೆ ಹೊಳೆಯಲಿಕ್ಕೆ ಏಳು ತಿಂಗಳು ಬೇಕಾಯಿತು. ಅದೂ ಯಾರೋ ಹೇಳಿ ಅಲ್ಲ. ಒಂದು ದಿನ ಬೆಳಗಿನ ಜಾವ ಹೊಲಕ್ಕೆ ಹೊರಟಿದ್ದೆ. ದಾರಿಯಲ್ಲಿ ಒಬ್ಬರ ತೋಟದ ಬೋರಿನ ಹತ್ತಿರ ಏಳೆಂಟು ಕೊಡ ಸಾಲಾಗಿ ಇದ್ದವು. ಪಕ್ಕದಲ್ಲಿ ಆ ಹೆಣ್ಣುಮಗಳ ಮಗಳು, ಹೈಸ್ಕೂಲಿಗೆ ಹೋಗುವ ಹುಡುಗಿ, ಸ್ವೆಟರ್ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು ಪಂಪು ಓಡಲಿಕ್ಕೆ ಬೇಕಾದ ತ್ರೀ ಫೇಸ್ ಕರೆಂಟಿಗೆ ಕಾಯುತ್ತಿದ್ದಳು. ಯಾವಾಗ ಬರುತ್ತೆ ಅಂತ ಕೇಳಿದೆ. ಒಂದೊಂದು ದಿನ ಒಂದೊಂದು ಹೊತ್ತು ಅಂದಳು. ಕಾಲೋನಿಯಿಂದ ಅಲ್ಲಿಗೆ ಎರಡು ಕಿಲೋಮೀಟರ್.

ಆವತ್ತೇ ಊರಿಗೆ ನೀರು ಬಿಡುವ ನೀರಗಂಟಿಯನ್ನು ಕರೆದುಕೊಂಡು ಪೈಪ್‌ಲೈನ್ ನೋಡಲಿಕ್ಕೆ ಹೋದೆ. ಬೋರಿನ ಹತ್ತಿರ ಪೈಪು ಕವಲೊಡೆಸುವ ಒಂದು ಟೀ ಜಾಯಿಂಟು, ಒಂದು ಗೇಟ್ ವಾಲ್ವ್, ನಾಲ್ಕು ಲೆಂತ್ ಪೈಪು. ಅರ್ಧ ದಿನದ ಕೆಲಸ. ಬೆಳಗ್ಗೆ ಕಾಲೋನಿ ತೊಂಬೆಗೆ, ಮಧ್ಯಾಹ್ನದ ಮೇಲೆ ಘಟಕಕ್ಕೆ. ಅದಕ್ಕೆ ಗುದ್ದಲಿ ಪೂಜೆ ಬೇಕಿರಲಿಲ್ಲ, ಶಾಸಕರು ಬರಬೇಕಿರಲಿಲ್ಲ. ಏಳು ತಿಂಗಳು ಅದು ಆಗದೆ ಉಳಿದದ್ದು ನನಗೆ ಬೇಜಾರಾಗಿತ್ತು ಅನ್ನುವ ಒಂದೇ ಕಾರಣಕ್ಕೆ.

ಆ ತಾಯಿಯ ಮನೆಗೆ ಹೋಗಿ, ಆವತ್ತು ಸಭೆಯಲ್ಲಿ ಹಾಗೆ ಮಾತಾಡಬಾರದಿತ್ತು ಅಂದೆ. "ಅದೆಲ್ಲ ಬಿಡಣ್ಣಾ, ನಾಳೆ ಎಷ್ಟೊತ್ತಿಗೆ ನೀರು ಬಿಡ್ತಾರೆ?" ಅಂದಳು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನಾವು ಒಳ್ಳೆಯವರು ಅನ್ನುವ ನಂಬಿಕೆ ನಮ್ಮನ್ನು ಕೆಲಸಕ್ಕೆ ಹಚ್ಚುತ್ತದೆ, ನಿಜ. ಕೆಲಸ ಆದ ಮೇಲೆ ಅದೇ ನಂಬಿಕೆ ಹಿಂತಿರುಗಿ ನೋಡಲಿಕ್ಕೆ ಬಿಡುವುದಿಲ್ಲ. ಲಂಚ ತಿಂದವನಿಗೆ ಯಾರಾದರೂ ಕೇಳಿಯಾರು ಅನ್ನುವ ಅಳುಕು ಇರುತ್ತದೆ. ತಿನ್ನದವನಿಗೆ ಆ ಅಳುಕು ಇರುವುದಿಲ್ಲ. ಅದಕ್ಕೇ ಅವನು ಇನ್ನೂ ಜಾಸ್ತಿ ಹುಷಾರಾಗಿರಬೇಕು.

"ಉದ್ದೇಶ ಒಳ್ಳೇದಿತ್ತು" ಅನ್ನುವ ಮಾತು ನಿಮಗೂ ಎಷ್ಟೋ ಸಲ ಕೇಳಿರುತ್ತದೆ. ನಾನು ನೋಡಿದ ಮಟ್ಟಿಗೆ ಎಲ್ಲಾ ಪಕ್ಷದವರೂ ಅದನ್ನು ಹೇಳುತ್ತಾರೆ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟು ರದ್ದಾದಾಗ ನಾನು ಖುಷಿಪಟ್ಟವನು. ಕಪ್ಪು ದುಡ್ಡಿನವರಿಗೆ ಸರಿಯಾಗಿ ಆಯಿತು ಅಂದೆ. ಆಗಷ್ಟೇ ಶೇಂಗಾ ಕಿತ್ತು ಮಾರಿದ್ದೆ. ಆ ದುಡ್ಡು ಕೈಗೆ ಬರಲಿಕ್ಕೆ ವಾರಗಟ್ಟಲೆ ಕಾದೆ. ದೇಶಕ್ಕೆ ಒಳ್ಳೇದಾಗುತ್ತೆ ಅಂದರೆ ಕಾಯೋಣ ಅಂತಲೇ ಕಾದೆ. 2018ರಲ್ಲಿ ರಿಸರ್ವ್ ಬ್ಯಾಂಕ್ ಲೆಕ್ಕ ಕೊಟ್ಟಿತು. ರದ್ದಾದ ನೋಟುಗಳಲ್ಲಿ ನೂರಕ್ಕೆ 99.3 ಭಾಗ ಬ್ಯಾಂಕಿಗೇ ವಾಪಸ್ ಬಂದಿದ್ದವು. ಆ ಲೆಕ್ಕ ಓದಿದ ದಿನವೂ ನಾನು "ಉದ್ದೇಶ ಒಳ್ಳೇದಿತ್ತು" ಅಂದೆ. ಯಾಕೆ ಹಾಗಂದೆ ಅಂತ ಈಗ ಯೋಚಿಸುತ್ತೇನೆ. ನನ್ನ ಖುಷಿ ತಪ್ಪಾಗಿತ್ತು ಅಂತ ಒಪ್ಪಿಕೊಳ್ಳಲಿಕ್ಕೆ ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಸಾರಾಯಿಯ ವಿಷಯದಲ್ಲೂ ಹಾಗೇ ಆಯಿತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದಕ್ಕೆ ಮುಂಚೆ ಸಾರಾಯಿ ಬೇಡ ಅಂತ ಮೆರವಣಿಗೆ ಮಾಡಿದವರಲ್ಲಿ ನಾನೂ ಇದ್ದೆ. ನಿಂತ ದಿನ ದೊಡ್ಡ ಕೆಲಸ ಗೆದ್ದೆವು ಅನಿಸಿತು. ಎಲ್ಲರೂ ಅವರವರ ಹೊಲ ಮನೆ ನೋಡಿಕೊಂಡೆವು. ಮುಂಚೆ ನಮ್ಮೂರಲ್ಲಿ ಸಾರಾಯಿ ಅಂಗಡಿ ಊರಾಚೆ ಇತ್ತು. ಕುಡಿಯುವವನು ಅಲ್ಲಿಯ ತನಕ ನಡೆದು ಹೋಗಬೇಕಿತ್ತು, ನಾಲ್ಕು ಜನರ ಕಣ್ಣಿಗೆ ಬೀಳಬೇಕಿತ್ತು. ಆಮೇಲೆ ಸಣ್ಣ ಸಣ್ಣ ಪ್ಯಾಕೆಟ್ಟಿನ ಅಗ್ಗದ ಬ್ರಾಂದಿ, ವಿಸ್ಕಿ ಊರೊಳಗಿನ ಗೂಡಂಗಡಿಗೇ ಬಂತು. ಬೀಡಿ ಬೆಂಕಿಪೊಟ್ಟಣದ ಪಕ್ಕದಲ್ಲೇ ಸಿಗತೊಡಗಿತು. ಅದನ್ನು ನೋಡಿಯೂ ನಾವು ಮೆರವಣಿಗೆ ಮಾಡಿದವರು ಯಾರೂ ಮತ್ತೆ ಒಂದು ಕಡೆ ಕೂತು ಮಾತಾಡಲಿಲ್ಲ.

2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಬೇಕು ಅಂತ ಸಾವಿರಾರು ಹಳ್ಳಿ ಹೆಂಗಸರು ಇದೇ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೊರಟರು. ಇನ್ನೂರು ಕಿಲೋಮೀಟರ್ ದಾರಿ. ಉತ್ತರದ ಜಿಲ್ಲೆಗಳಿಂದ ಬಂದವರು ಎಷ್ಟೋ ಜನ. ಹೆದ್ದಾರಿ ಬದಿಯಲ್ಲಿ ನಾವು ನಾಲ್ಕಾರು ಮಂದಿ ನಿಂತು ಮಜ್ಜಿಗೆ ಕೊಟ್ಟೆವು. ವಯಸ್ಸಾದ ಒಬ್ಬ ತಾಯಿ ಲೋಟ ವಾಪಸ್ ಕೊಡುವಾಗ, "ಸಾರಾಯಿ ಬಂದ್ ಆದಾಗ ನಾವೂ ಹೋರಾಟ ಮಾಡಿದ್ದೆವು ಅಮ್ಮಾ" ಅಂದೆ. ಅವರು, "ಸಾರಾಯಿ ಹೋತು, ಬಾಟ್ಲಿ ಮನೀ ಬಾಗಲಕ್ಕ ಬಂತು. ಆಮ್ಯಾಲೆ ನೀವ್ಯಾರೂ ಬರಲಿಲ್ಲಲ್ಲಪ್ಪಾ" ಅಂದರು. ಬೈದು ಹೇಳಿದ್ದಲ್ಲ. ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡು ಮುಂದೆ ನಡೆದರು.

ಸಾರಾಯಿ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆಮೇಲೆ ಏನಾಯಿತು ಅಂತ ನೋಡದೆ ಹೋದದ್ದು ತಪ್ಪು.

ಕೆಲವು ಸಲ ಮೊದಲ ಫಲ ಒಳ್ಳೇದೇ ಇರುತ್ತದೆ. ಆಗ ಇನ್ನೂ ಮೋಸ ಹೋಗುತ್ತೇವೆ. ನಾನು ಚಿಕ್ಕವನಿದ್ದಾಗ ಮೆಟ್ಟಿಲು ಬಾವಿಯ ನೀರು ಕುಡಿದು ಜನರಿಗೆ ನಾರುಹುಣ್ಣು ಆಗುತ್ತಿತ್ತು. ಕಾಲಿನಿಂದ ದಾರದಂಥ ಹುಳ ಹೊರಗೆ ಬರುವುದನ್ನು ನೋಡಿದ್ದು ಇವತ್ತಿಗೂ ಮರೆತಿಲ್ಲ. ಆಗ ಊರೂರಿಗೆ ಬೋರ್ ಕೊರೆಸಿ ಕೈಪಂಪು ಹಾಕಿದರು. ಅದು ಪುಣ್ಯದ ಕೆಲಸ. 2000ದಲ್ಲಿ ನಮ್ಮ ದೇಶ ನಾರುಹುಣ್ಣಿನಿಂದ ಪೂರ್ತಿ ಮುಕ್ತ ಅಂತ ಘೋಷಣೆ ಆಯಿತು. ಆದರೆ ಬೋರುಗಳು ನೂರು ಅಡಿಯಿಂದ ಮುನ್ನೂರಕ್ಕೆ, ಮುನ್ನೂರರಿಂದ ಸಾವಿರದ ಹತ್ತಿರಕ್ಕೆ ಇಳಿದವು. ಆಳದ ಕಲ್ಲಿನ ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಒಂದು ರೋಗ ಕಾಲಿನಿಂದ ಹೋಯಿತು, ಇನ್ನೊಂದು ಹಲ್ಲಿಗೆ, ಮೂಳೆಗೆ ಬಂತು. ಮೊದಲ ಗೆಲುವಿನ ಸಂತೋಷದಲ್ಲಿ ಎರಡನೆಯದನ್ನು ನಾವು ಬಹಳ ತಡವಾಗಿ ನೋಡಿದೆವು.

ಬಳ್ಳಾರಿ ಜಾಲಿಯನ್ನೂ ನೋಡಿ. ನಮ್ಮ ಎಷ್ಟೋ ಕೆರೆಗಳ ಅಂಗಳದಲ್ಲಿ ಈಗ ನೀರಿಗಿಂತ ಜಾಸ್ತಿ ಇರುವುದು ಅದೇ. ಅದು ಇಲ್ಲಿಯ ಗಿಡ ಅಲ್ಲ, ಅಮೆರಿಕ ಖಂಡದ್ದು. 1870ರ ದಶಕದಲ್ಲಿ ನಮ್ಮ ದೇಶಕ್ಕೆ ತಂದರು. ಒಣ ನೆಲ ಹಸಿರಾಗಲಿ, ಬಡವರಿಗೆ ಸೌದೆ ಆಗಲಿ ಅಂತ ಹಬ್ಬಿಸಿದರು. ಸೌದೆ ಸಿಕ್ಕಿತು, ಇದ್ದಿಲು ಸುಟ್ಟು ಬದುಕಿದ ಬಡವರೂ ಇದ್ದಾರೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಅದರ ಕಾಯಿ ತಿಂದ ದನ ಕುರಿಗಳ ಸಗಣಿ ಹಿಕ್ಕೆಯಲ್ಲಿ ಬೀಜ ಹೋಗಿ ಹೋಗಿ ಕೆರೆ, ಹಳ್ಳ, ಗೋಮಾಳ ಎಲ್ಲಾ ತುಂಬಿತು. ಈಗ ಕಡಿದರೆ ಮತ್ತೆ ಚಿಗುರುತ್ತದೆ. ಬೇರು ಸಮೇತ ತೆಗೆಸಲಿಕ್ಕೆ ಜೆಸಿಬಿ ಬೇಕು, ಅದಕ್ಕೆ ಪಂಚಾಯಿತಿಯಲ್ಲಿ ದುಡ್ಡಿಲ್ಲ.

ಹಾಗಾದರೆ ಒಳ್ಳೆ ಉದ್ದೇಶ ಫಲ ಕೊಡುವುದೇ ಇಲ್ಲವೇ? ಕೊಡುತ್ತದೆ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇನೆ. ನಮ್ಮಪ್ಪ ಗೇಣಿಗೆ ಹೊಲ ಉಳುತ್ತಿದ್ದವನು, ಹಾಗಾಗಿ ಇದು ನನಗೆ ಹತ್ತಿರದ ವಿಷಯ. ಉಳುವವನಿಗೆ ಭೂಮಿ ಸಿಗಬೇಕು ಅಂತ 1961ರಲ್ಲೇ ಒಂದು ಭೂ ಸುಧಾರಣಾ ಕಾಯ್ದೆ ಬಂದಿತ್ತು. ಮಾತು ಚೆನ್ನಾಗಿಯೇ ಇತ್ತು. ಆದರೆ ಸ್ವಂತ ಸಾಗುವಳಿ ಅಂತ ಹೇಳಿ ಒಡೆಯ ಭೂಮಿ ವಾಪಸ್ ಪಡೆಯಲಿಕ್ಕೆ ಅದರಲ್ಲಿ ದಾರಿ ಇತ್ತು. ಕಾಯ್ದೆ ಜಾರಿಗೆ ಬಂದದ್ದೇ 1965ರಲ್ಲಿ. ಅಷ್ಟರೊಳಗೆ ಎಷ್ಟೋ ಗೇಣಿದಾರರನ್ನು ಬಿಡಿಸಿ ಆಗಿತ್ತು. ಆಮೇಲೆ ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದು. ಉದ್ದೇಶ ಹಳೇದೇ. ಆದರೆ ಈ ಸಲ ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ ಇತ್ತು. ಅದರಲ್ಲಿ ಸ್ಥಳೀಯರು ಇದ್ದರು. ಗೇಣಿದಾರ ಏಳನೇ ನಮೂನೆಯಲ್ಲಿ ಒಂದು ಅರ್ಜಿ ಹಾಕಿದರೆ ಸಾಕು, ವಿಚಾರಣೆ ಶುರು. ನಮ್ಮಪ್ಪ ಓದು ಬರಹ ಬಾರದವನು. ಅವನಿಗೂ "ಫಾರಂ ಏಳು" ಅನ್ನುವ ಮಾತು ಗೊತ್ತಿತ್ತು. ಅದರಿಂದಲೇ ನಮಗೆ ನಾಲ್ಕು ಎಕರೆ ಆಯಿತು. ಅದರಲ್ಲೂ ತಪ್ಪುಗಳು ಆದವು. ಗಂಡನಿಲ್ಲದೆ ಎರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ಹೆಂಗಸರೂ ಭೂಮಿ ಕಳೆದುಕೊಂಡ ಉದಾಹರಣೆಗಳಿವೆ. ಅದನ್ನೂ ಹೇಳದೆ ಬಿಟ್ಟರೆ ನಾನು ಮತ್ತೆ ಹಳೇ ತಪ್ಪನ್ನೇ ಮಾಡಿದ ಹಾಗೆ.

ಎರಡೂ ಕಾಯ್ದೆಯಲ್ಲಿ ಮನಸ್ಸು ಒಂದೇ ಇತ್ತು. ಅರ್ಜಿ ಎಲ್ಲಿ ಕೊಡಬೇಕು, ಯಾರು ಕೇಳುತ್ತಾರೆ, ಎಷ್ಟು ದಿನದೊಳಗೆ ಅನ್ನುವ ಸಣ್ಣ ಸಣ್ಣ ಸಂಗತಿಗಳಲ್ಲಿ ವ್ಯತ್ಯಾಸ ಇತ್ತು. ಅಂಥ ಸಂಗತಿಗಳಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಮ್ಮಪ್ಪನ ಕೈಗೆ ಪಹಣಿ ಬಂದದ್ದು ಅವುಗಳಿಂದಲೇ.

ಇನ್ನು ಈಗಿನ ನಲ್ಲಿಯ ವಿಷಯ. ಇದು ನಿಮ್ಮ ಅವಧಿಯಲ್ಲಿ ನಿಮಗೆ ದಿನವೂ ಎದುರಾಗುವಂಥದ್ದು. ಜಲಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆ ಆಯಿತು. 2024ರೊಳಗೆ ಹಳ್ಳಿಯ ಪ್ರತಿ ಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅನ್ನುವುದು ಗುರಿ. ಆಮೇಲೆ ಗಡುವನ್ನು 2028ಕ್ಕೆ ಮುಂದೂಡಿದರು. ದೇಶದಲ್ಲಿ ಕೋಟಿಗಟ್ಟಲೆ ಮನೆಗೆ ನಲ್ಲಿ ಬಂದಿದೆ, ಅದು ಸಣ್ಣ ಕೆಲಸ ಅಲ್ಲ. ಆದರೆ ನಮ್ಮೂರಿನ ಕೆಲವು ಬೀದಿಗಳಲ್ಲಿ ನಲ್ಲಿಗೆ ಈಗ ಎಮ್ಮೆ ಕರು ಕಟ್ಟುತ್ತಾರೆ. ಕಡತದಲ್ಲಿ ಆ ಮನೆಗೂ ಟಿಕ್ ಬಿದ್ದಿರುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡರು. ನಲ್ಲಿ ಇತ್ತು, ನೀರೂ ಬರುತ್ತಿತ್ತು. ಎಷ್ಟು ನಲ್ಲಿ ಹಾಕಿದ್ದೀವಿ ಅನ್ನುವುದು ನಮ್ಮ ಕೆಲಸದ ಲೆಕ್ಕ. ಎಷ್ಟು ಮನೆಯಲ್ಲಿ ಒಳ್ಳೆ ನೀರು ಕುಡಿದರು ಅನ್ನುವುದು ಅವರ ಬದುಕಿನ ಲೆಕ್ಕ. ದಯವಿಟ್ಟು ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಭದ್ರಾ ನದಿಯ ನೀರನ್ನು ನಮ್ಮ ಒಣ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆ ಬಗ್ಗೆ ಹೇಳದಿದ್ದರೆ ನಮ್ಮ ಜಿಲ್ಲೆಯವನು ಬರೆದ ಪತ್ರ ಅನಿಸುವುದಿಲ್ಲ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ಅಂತ ಓದಿದಾಗ ನಮ್ಮ ಕಡೆ ಎಷ್ಟು ಖುಷಿಯಾಯಿತು! ಆಮೇಲೆ ದುಡ್ಡು ಬಿಡುಗಡೆ ವಿಷಯದಲ್ಲಿ ರಾಜ್ಯದವರು ಕೇಂದ್ರದ ಕಡೆ, ಕೇಂದ್ರದವರು ರಾಜ್ಯದ ಕಡೆ ಬೆರಳು ತೋರಿಸಿದರು. ಎರಡೂ ಕಡೆಯವರು ತಮಗೆ ರೈತರ ಮೇಲೆ ಎಷ್ಟು ಕಾಳಜಿ ಅಂತ ಹೇಳಿದರು. ಕಾಳಜಿ ಇರಲಿ. ಪಕ್ಕದ ಜಗಳೂರು ಕಡೆಯ ಜನ ಬೇರೊಂದು ಯೋಜನೆಯಲ್ಲಿ, 57 ಕೆರೆ ತುಂಬಿಸುವುದರಲ್ಲಿ, ಕೇಳುತ್ತಾ ಬಂದದ್ದು ಕಾಳಜಿಯನ್ನಲ್ಲ. "ನಮ್ಮ ಕೆರೆಗೆ ನೀರು ಬಂತಾ?" ಅಂತ ಒಂದೊಂದು ಊರಿನವರು ಒಂದೊಂದು ಕೆರೆ ಹೆಸರು ಹಿಡಿದು ಕೇಳಿದರು. ನಿಮ್ಮನ್ನೂ ಜನ ಹಾಗೇ ಕೇಳಬೇಕು. ಕೇಳುವ ಹಾಗೆ ನೀವು ನಡೆದುಕೊಳ್ಳಬೇಕು.

ಇಲ್ಲಿ ಇಬ್ಬರು ನನಗೆ ಎದುರು ಮಾತಾಡುತ್ತಾರೆ ಅಂತ ಗೊತ್ತು.

ಒಬ್ಬರು ಹೇಳುವುದು: ಫಲವೇ ಮುಖ್ಯ ಆದರೆ, ತಿಂದರೂ ಪರವಾಗಿಲ್ಲ ಕೆಲಸ ಮಾಡುತ್ತಾನೆ ಅನ್ನುವವನೇ ಮೇಲಲ್ವಾ? ಅಲ್ಲ. ತಿಂದದ್ದೂ ಒಂದು ಫಲವೇ. ಚರಂಡಿಗೆ ಹಾಕಬೇಕಾದ ಸಿಮೆಂಟ್ ಕಮ್ಮಿ ಆಗಿರುತ್ತದೆ, ಎರಡು ಮಳೆಗೆ ಅದು ಕುಸಿಯುತ್ತದೆ. ಬಿಲ್ಲು ಮಾಡಿಸಿಕೊಳ್ಳಲಿಕ್ಕೆ ಬಡವರು ಇನ್ನೂರು, ಐನೂರು ಕೊಟ್ಟಿರುತ್ತಾರೆ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಅವನು ಕೆಲಸ ಮಾಡಿದ ಹಾಗೆ ಕಾಣುವುದಿಲ್ಲ. ನಿಜಲಿಂಗಪ್ಪನವರ ಜಿಲ್ಲೆ ಇದು. ಕೈ ಶುದ್ಧ ಇರಬೇಕು ಅನ್ನುವುದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. ನಾನು ಹೇಳುವುದು, ಕೈ ಶುದ್ಧ ಇರುವುದು ಒಳಗೆ ಬರಲಿಕ್ಕೆ ಬೇಕಾದ ಅರ್ಹತೆ. ಅದನ್ನೇ ಐದು ವರ್ಷದ ಸಾಧನೆ ಅಂತ ತೋರಿಸಬಾರದು. ನಾನು ತೋರಿಸಿದೆ.

ಇನ್ನೊಬ್ಬರು ಹೇಳುವುದು: ಎಲ್ಲಾ ಕೆಲಸಕ್ಕೂ ಕೂಡಲೇ ಫಲ ಬರುತ್ತಾ? ಇದು ನ್ಯಾಯವಾದ ಮಾತು. ಹಿರಿಯೂರಿನ ಹತ್ತಿರ ನಮ್ಮ ಮಾರಿಕಣಿವೆ ಇದೆಯಲ್ಲ, ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದರು. ಅದು ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ, 89 ವರ್ಷದ ಮೇಲೆ. ಮೂರನೇ ಸಲ 2025ರ ಜನವರಿಯಲ್ಲಿ. ಕೋಡಿ ಬೀಳಲಿಲ್ಲ ಅಂತ ಆ ಅಣೆಕಟ್ಟೆ ವ್ಯರ್ಥ ಅಂದರೆ ಅದು ದೊಡ್ಡ ತಪ್ಪು. ಹಿರಿಯೂರು ಕಡೆಯ ತೋಟಗಳು ಅದರ ನೀರಿನಿಂದಲೇ ಬದುಕಿವೆ. ಆದರೆ ಒಂದು ಗಮನಿಸಿ. ಮಳೆಗಾಲದಲ್ಲಿ ಇವತ್ತಿಗೂ ನಮ್ಮ ಕಡೆಯವರು ಪೇಪರ್ ತೆಗೆದು ಮೊದಲು ನೋಡುವುದು ಡ್ಯಾಮಿನ ಮಟ್ಟ. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು. ಕಮ್ಮಿ ಇದ್ದರೆ ಕಮ್ಮಿ ಅಂತಲೇ ಬರೆಯುತ್ತಾರೆ. ನೂರು ಅಡಿ ಇರುವಾಗ, ಕಟ್ಟಿದವರ ಮನಸ್ಸು ದೊಡ್ಡದು ಅಂತ ನೂರಾಮೂವತ್ತು ಬರೆಯುವುದಿಲ್ಲ. ಫಲ ತಡವಾದರೆ ಕಾಯೋಣ. ಕಾಯುವಾಗ ಅಳೆಯುತ್ತಾ ಇರೋಣ. ನಾನು ನನ್ನ ಘಟಕವನ್ನು ಒಂದು ದಿನವೂ ಅಳೆಯಲಿಲ್ಲ.

ಅದಕ್ಕೇ ನಿಮ್ಮಲ್ಲಿ ಕೆಲವು ಕೋರಿಕೆ.

ಗೆದ್ದ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದ್ರೆ ಪಿಡಿಒ ಅವರ ಕಡತ ಬೇರೆ, ಇದು ಬೇರೆ. ನೀವು ಮಾಡಿಸಿದ ಕೆಲಸದ ಹತ್ತಿರಕ್ಕೆ ಮೂರು ತಿಂಗಳಿಗೊಮ್ಮೆ ಹೋಗಿ, ಹೂವಿನ ಹಾರ ಇಲ್ಲದೆ, ಫೋನ್ ಕ್ಯಾಮೆರಾ ತೆಗೆಯದೆ. ಬೆಳಗ್ಗೆ ಹೋದವರು ಇನ್ನೊಂದು ಸಲ ಸಂಜೆ ಹೋಗಿ. ಅಂಗನವಾಡಿ ಕಟ್ಟಿಸಿದರೆ ಒಳಗೆ ಮಕ್ಕಳು ಕೂರುತ್ತಾರಾ, ಸೋರುತ್ತದಾ ನೋಡಿ. ಬೀದಿ ದೀಪ ಹಾಕಿಸಿದರೆ ಅಮಾವಾಸ್ಯೆ ದಿನ ನಡೆದು ನೋಡಿ. ನಿಮಗೆ ಎಲ್ಲರಿಗಿಂತ ಚೆನ್ನಾಗಿ ನೀರಿನ ಸುದ್ದಿ ಹೇಳುವವನು ನೀರಗಂಟಿ. ಅವನನ್ನು ಕೂರಿಸಿ ಮಾತಾಡಿಸಿ, ಟೀ ಕುಡಿಸಿ. ಅವನಿಗೆ ಸಂಬಳ ಸರಿಯಾಗಿ ಬರುತ್ತಿದೆಯಾ ಅದನ್ನೂ ಕೇಳಿ, ಯಾಕಂದ್ರೆ ಸಂಬಳ ಬಾರದ ನೀರಗಂಟಿ ಎಷ್ಟು ದಿನ ಹೊತ್ತು ಹೊತ್ತಿಗೆ ವಾಲ್ವ್ ತಿರುಗಿಸಿಯಾನು?

ಹೊಸ ಕೆಲಸಕ್ಕೆ ಕ್ರಿಯಾ ಯೋಜನೆ ಮಾಡುವಾಗ, ಹಳೇದರ ರಿಪೇರಿಗೆ ಎಷ್ಟು ಇಟ್ಟಿದ್ದೀವಿ ಅಂತ ಮೊದಲು ಕೇಳಿ. ರಿಪೇರಿಗೆ ಕಲ್ಲು ಹಾಕಿಸಿ ಹೆಸರು ಕೆತ್ತಿಸಲಿಕ್ಕೆ ಆಗುವುದಿಲ್ಲ. ಅದಕ್ಕೇ ಅದು ಯಾವಾಗಲೂ ಕೊನೆಗೆ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಭೆಯಲ್ಲಿ ಕೇಳುವವರ ಬಗ್ಗೆ. ವಾರ್ಡ್ ಸಭೆಗೆ ಕಾಲೋನಿಯಿಂದ, ಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಬಂದು ಎದ್ದು ನಿಂತು ಮಾತಾಡುವುದು ಅಂದರೆ ಏನು ಅಂತ ನಿಮಗೆ ಗೊತ್ತು. ಆ ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ. ಏನಂದಾರೋ ಅನ್ನುವ ಭಯ ಇರುತ್ತದೆ. ಅವಳು ಏರುದನಿಯಲ್ಲಿ ಮಾತಾಡಬಹುದು, ನಿಮ್ಮ ಕಷ್ಟ ಅವಳಿಗೆ ಗೊತ್ತಿಲ್ಲದೆ ಇರಬಹುದು. ನಿಮಗೆ ನೋವಾಗುತ್ತದೆ, ನನಗೂ ಆಗಿತ್ತು. ಆ ನೋವನ್ನು ಮನೆಗೆ ತಗೊಂಡು ಹೋಗಿ, ಮನೆಯವರ ಹತ್ತಿರ ಹೇಳಿಕೊಳ್ಳಿ. ಸಭೆಯಲ್ಲಿ ಮಾತ್ರ ಅವಳು ಹೇಳಿದ್ದನ್ನು ಬರೆದುಕೊಳ್ಳಿ. ಎಷ್ಟು ದಿನದಿಂದ, ಯಾವ ಬೀದಿ, ಎಷ್ಟು ಮನೆ ಅಂತ ಕೇಳಿ. ಮಾರನೇ ದಿನ ಅವಳ ಬಾಗಿಲಿಗೆ ಹೋಗಿ. ನಾನು ಹೀಗೆ ಮಾಡಿದ್ದರೆ ಆ ಹುಡುಗಿ ಏಳು ತಿಂಗಳು ತೋಟದ ಬೋರಿನ ಹತ್ತಿರ ಚಳಿಯಲ್ಲಿ ಕೂರಬೇಕಿರಲಿಲ್ಲ. ಆ ವರ್ಷ ಅವಳು ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದಳು.

ನಡುಮನೆಯ ಆ ಉದ್ಘಾಟನೆ ಫೋಟೋವನ್ನು ನಾನು ಇಳಿಸಿಲ್ಲ. ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದೇನೆ. ಮೆಂಬರ್‌ಗಿರಿ ಮುಗಿದ ಮೇಲೂ ಬರೆಯುತ್ತಾ ಬಂದಿದ್ದೇನೆ. ಘಟಕ ಯಾವ ದಿನ ನಡೆಯಿತು, ಯಾವ ದಿನ ನಿಂತಿತು, ಮೆಂಬ್ರೇನ್ ಯಾವಾಗ ಬದಲಾಯಿಸಿದರು, ಕಾಲೋನಿ ತೊಂಬೆಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು. ಹೋದ ವಾರ ಘಟಕ ಎರಡು ದಿನ ನಿಂತಿತ್ತು. ತೊಂಬೆಗೆ ಈಗ ದಿನ ಬಿಟ್ಟು ದಿನ ನೀರು ಬರುತ್ತಿದೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಆಗುತ್ತದೆ. ಬೋರು ಇಳಿಯುತ್ತಿದೆ ಅಂತ ನೀರಗಂಟಿ ಹೇಳುತ್ತಾನೆ. ಅದನ್ನೂ ಬರೆದಿದ್ದೇನೆ.

ನಮ್ಮ ವಾರ್ಡಿನಲ್ಲಿ ಯಾರು ಗೆದ್ದರೂ ಸರಿ, ನನಗೆ ಆಗದವರೇ ಗೆದ್ದರೂ ಸರಿ, ಆ ನೋಟ್‌ಬುಕ್ ತಗೊಂಡು ಹೋಗಲಿಕ್ಕೆ ಬನ್ನಿ. ಬೆಳಗ್ಗೆ ಬಂದರೆ ಜೊತೆಗೆ ತೊಂಬೆಯ ತನಕ ನಡೆದು ಹೋಗಿ ಬರೋಣ.

ಇಂತಿ ನಿಮ್ಮವ,
ಚಳ್ಳಕೆರೆ ಕಡೆಯ ಒಬ್ಬ ಮಾಜಿ ಗ್ರಾಮ ಪಂಚಾಯಿತಿ ಸದಸ್ಯ